ತಾನಾಗಿ ಬೀಳುವ ಚಿಲಕ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ, ಕಾರಣ ಆಮೇಲೆ ಹೇಳುತ್ತೇನೆ. ಇಲ್ಲಿ ನಿನ್ನ ಅಮ್ಮನ ಸೊಂಟ, ನನ್ನ ಕಣ್ಣು, ಅಂಗಡಿಯ ಶಟರ್ ಮೂರೂ ಅಷ್ಟೋ ಇಷ್ಟೋ ಕೆಲಸ ಮಾಡುತ್ತಿವೆ. ಶಟರ್ ಅರ್ಧಕ್ಕೆ ಬಂದು ನಿಲ್ಲುತ್ತದೆ. ಊರವರ ಬೀಗವೆಲ್ಲ ರಿಪೇರಿ ಮಾಡುವವನ ಶಟರ್ ನೋಡಿ ಎಂದು ಎದುರಿನ ಗಡಿಯಾರದಂಗಡಿಯವನು ದಿನಾ ನಗುತ್ತಾನೆ. ಅವನ ಗೋಡೆ ಗಡಿಯಾರ ಹತ್ತು ನಿಮಿಷ ಹಿಂದೆ ಇದೆ. ನಾನು ಹೇಳಲು ಹೋಗಿಲ್ಲ.

ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಕೇಳಿದರೆ ಪೂರ್ತಿ ಕೇಳಿಸಿಕೊಳ್ಳದೆ ಬೇಡ ಎನ್ನುತ್ತೇನೆಂದು ಕಾಗದ ಬರೆದೆ ಎಂದಿದ್ದೀಯ. ನಿನ್ನ ಅಪ್ಪನನ್ನು ಸರಿಯಾಗಿಯೇ ಅಳೆದಿದ್ದೀಯ. ನಿನ್ನ ಬೀದಿಯ ಕನ್ನಡಕದಂಗಡಿಯ ಯಜಮಾನರು ಮಾರ್ಚ್ ಕೊನೆಗೆ ಮಗನ ಮನೆಗೆ ಹೋಗಿಬಿಡುತ್ತಾರೆ, ಅವರ ಬಾರ್ಡರ್ ಕೋಲಿ ನಾಯಿಯನ್ನು ನಿನಗೆ ಕೊಡುತ್ತೇನೆ ಎನ್ನುತ್ತಿದ್ದಾರೆ, ಕುರಿ ಕಾಯುವ ಜಾತಿ, ಎರಡು ವರ್ಷದ್ದು, ದಿನಕ್ಕೆ ಎರಡು ಗಂಟೆ ಓಡದಿದ್ದರೆ ಮನೆಯನ್ನೇ ಕಿತ್ತು ಹಾಕುತ್ತದೆ. ಇದಿಷ್ಟು ಬರೆದು ಕೊನೆಗೆ, "ಇಂಥ ನಾಯಿ ಸಾಕೋಕೆ ನಾನು ಲಾಯಕ್ಕಾ ಅಪ್ಪ?" ಎಂದು ಕೇಳಿದ್ದೀಯ.

ಓದಿದ ತಕ್ಷಣ ನನಗೆ ಅನುಮಾನ ಬಂತು. ಮೂವತ್ತು ವರ್ಷ ಬೀಗದ ಕೆಲಸ ಮಾಡಿದವನಿಗೆ ಬೇರೇನು ಬರುತ್ತದೆ ಹೇಳು. ಕೀಲಿ ಕಳೆದುಹೋಗಿದೆ ಎಂದು ಬರುವವರಲ್ಲಿ ಅರ್ಧ ಜನರದ್ದು ಕಳೆದಿರುವುದಿಲ್ಲ, ಹೆಂಡತಿಯೋ ಅಣ್ಣನೋ ಕೊಡುತ್ತಿಲ್ಲ ಅಷ್ಟೆ. ಮೊದಲನೆಯದಾಗಿ, ಅಷ್ಟು ಒಳ್ಳೆಯ ನಾಯಿಯನ್ನು ಯಾರಾದರೂ ಸುಮ್ಮನೆ ಏಕೆ ಕೊಡುತ್ತಾರೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ ನಿಜ. ಆದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಲ್ಯಾಬಿನಲ್ಲಿ ಕೂತು ಕಟ್ಟುಹಲ್ಲು ತಿದ್ದುವ ನೀನೂ ಎಣಿಸದಿದ್ದರೆ ಹೇಗೆ ಎಂದುಕೊಂಡೆ. ಆಮೇಲೆ ನಿನ್ನ ಮನೆ ಓನರಮ್ಮ. ಗೋಡೆಗೆ ಒಂದು ಮೊಳೆ ಹೊಡೆದದ್ದಕ್ಕೆ ಮೂರು ದಿನ ಮಾತು ಬಿಟ್ಟವರು, ಮೂರನೇ ಮಹಡಿಗೆ ನಾಯಿ ತರಲು ಒಪ್ಪಿದ್ದಾರಂತೆ. ಇದರಲ್ಲಿ ಏನೋ ಇದೆ ಎಂದು ನಿನ್ನ ಅಮ್ಮನಿಗೆ ಹೇಳಿದೆ.

"ಯಾವುದೋ ಹುಡುಗ ಇರ್ಬೇಕು. ನಾಯಿ ಹೆಸರಲ್ಲಿ ಇಬ್ರೂ ವಾಕಿಂಗ್ ಹೋಗೋಕೆ," ಎಂದೂ ಹೇಳಿದೆ.

"ಇದ್ರೆ ಒಳ್ಳೇದೇ ಆಯ್ತಲ್ಲ," ಎಂದಳು ಅವಳು, ತಲೆಯನ್ನೂ ಎತ್ತದೆ.

ಎಲ್ಲಕ್ಕಿಂತ ದೊಡ್ಡ ಅನುಮಾನ ಬೇರೆ ಇತ್ತು. ನಮ್ಮ ಬಾಣ ಹೋದ ಮೇಲೆ ಹದಿನಾರು ವರ್ಷ ನೀನು ಇನ್ನೊಂದು ನಾಯಿಯ ಮಾತೇ ಎತ್ತಿದವಳಲ್ಲ. ಬೀದಿಯಲ್ಲಿ ಮರಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದೆ. ಈಗ ಇದ್ದಕ್ಕಿದ್ದಂತೆ ಏಕೆ?

ಇನ್ನು ತಡವಾದ ಕಾರಣ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಹೋದ ಗುರುವಾರ ನಿನ್ನ ಊರಿಗೆ ಬಂದಿದ್ದೆ. ಹಲ್ಲು ಕೊರೆಯದ ಖಾಲಿ ಕೀಲಿ ತರಲು ಹೋಗುತ್ತೇನೆ ಎಂದು ಅಮ್ಮನಿಗೆ ಸುಳ್ಳು ಹೇಳಿ ಏಳರ ಬಸ್ಸು ಹತ್ತಿದೆ. ನೀನೆಲ್ಲಾದರೂ ಕಂಡರೆ ಎಂದು ಮಫ್ಲರ್ ಬೇರೆ ಸುತ್ತಿಕೊಂಡಿದ್ದೆ. ಆ ಬಿಸಿಲಿಗೆ ಅದನ್ನು ಸುತ್ತಿಕೊಂಡದ್ದಕ್ಕೇ ಎಲ್ಲರೂ ನನ್ನನ್ನು ನೋಡುತ್ತಿದ್ದರು.

ನಾಯಿ ಬೇಕಾಗಿತ್ತು ಎಂದು ಹೇಳಿಕೊಂಡು ಕನ್ನಡಕದಂಗಡಿಗೆ ಹೋದೆ. ಯಜಮಾನರು ಮರ್ಯಾದಸ್ಥರ ಹಾಗೆ ಕಂಡರು, ಅದೂ ಅನುಮಾನಕ್ಕೆ ಕಾರಣವೇ. ಅಂಗಡಿಯ ಹಿಂದಿನ ಮನೆಗೆ ಕರೆದುಕೊಂಡು ಹೋಗಿ ಟೀ ಕೊಟ್ಟರು. ನಾಯಿ ಬಂತು. ಕಪ್ಪು ಬಿಳುಪು, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧ ಮಡಿಸಿದ್ದು. ನನ್ನನ್ನು ಒಂದು ಸುತ್ತು ಹಾಕಿ ಹಿಂದಿನಿಂದ ಹಿಮ್ಮಡಿಗೆ ಮೂತಿ ತಾಗಿಸಿ ನೂಕುತ್ತಾ ನೂಕುತ್ತಾ ಕುರ್ಚಿಯವರೆಗೆ ತಂದು ಕೂರಿಸಿತು. ನಿನ್ನ ಅಮ್ಮ ಮೂವತ್ತು ವರ್ಷದಲ್ಲಿ ನನ್ನನ್ನು ಹಾಗೆ ಒಂದು ಕಡೆ ಕೂರಿಸಿದ್ದಿಲ್ಲ.

ನಾನು ನಾಯಿಗಿಂತ ಬಾಗಿಲುಗಳನ್ನೇ ನೋಡುತ್ತಿದ್ದೆ. ಎಲ್ಲ ಬಾಗಿಲಿಗೂ ಕೆಳಗೆ ಒತ್ತಿ ತೆಗೆಯುವ ಉದ್ದನೆಯ ಹಿಡಿ. ಹಿಂಬಾಗಿಲಿಗೆ ಮಾತ್ರ ಗುಂಡನೆಯದು, ಅದೂ ಹೊಸದು. ಅದರ ಕೆಳಗೆ ಪಾಲಿಶ್ ಕಿತ್ತುಹೋಗಿ ಉಗುರಿನ ಗೆರೆಗಳು. ಸಿಕ್ಕಿಬಿದ್ದೆಯಾ ಎಂದುಕೊಂಡೆ.

"ಇದು ಬಾಗಿಲು ತೆಗೆಯುತ್ತೆ, ಅಲ್ವಾ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಹೇಗೆ ಗೊತ್ತಾಯ್ತು?"

"ನಾನು ಬೀಗದವನು. ಉದ್ದ ಹಿಡಿ ಆದ್ರೆ ಕಾಲಿಟ್ಟು ಒತ್ತುತ್ತೆ. ಗುಂಡಂದು ಹಿಡಿದು ತಿರುಗಿಸೋಕೆ ಅದಕ್ಕೆ ಆಗಲ್ಲ."

"ಹೌದು ಸರ್, ಎರಡು ಸಲ ಬೀದಿಗೆ ಹೋಗಿತ್ತು. ಹೇಳಿದ್ರೆ ಯಾರೂ ತಗೊಳಲ್ಲ ಅಂತ ಹೇಳ್ತಿರ್ಲಿಲ್ಲ," ಎಂದರು. "ಆದ್ರೆ ನಿಮಗೆ ಕೊಡೋಕಾಗಲ್ಲ. ಹಲ್ಲಿನ ಲ್ಯಾಬಿನ ಹುಡುಗಿಗೆ ಅಂತ ಮಾತಾಗಿದೆ. ಈ ಹಿಡಿ ಮೊದಲ ದಿನವೇ ಅವಳ ಕಣ್ಣಿಗೂ ಬಿತ್ತು. ನೀವು ಕೇಳಿದ ಹಾಗೇ ಕೇಳಿದ್ಲು."

ನನ್ನ ಮಗಳು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಎದೆ ಮಾತ್ರ ಉಬ್ಬಿತು.

ಕೆಲಸ ಮಾಡುವ ಹುಡುಗಿಗೆ ಇಂಥ ನಾಯಿ ಹೇಗೆ ಒಗ್ಗುತ್ತದೆ ಎಂದು ಕೆದಕಿದೆ. ನೀನು ನನಗೆ ಬರೆಯದೇ ಇದ್ದದ್ದನ್ನೆಲ್ಲ ಅವರು ಹೇಳಿದರು. ಐದು ವಾರದಿಂದ ಬೆಳಿಗ್ಗೆ ಆರಕ್ಕೆ ಬಂದು ಏಳೂಕಾಲಿನವರೆಗೆ ಓಡಿಸುತ್ತೀಯಂತೆ, ಲ್ಯಾಬ್ ಮುಗಿದ ಮೇಲೆ ಮತ್ತೆ ಒಂದು ಗಂಟೆ. ಜ್ವರ ಬಂದ ದಿನವೂ ಬಂದಿದ್ದೆಯಂತೆ. ಮಧ್ಯಾಹ್ನ ಓನರಮ್ಮ ಕರೆದುಕೊಂಡು ಹೋಗುತ್ತಾರಂತೆ, ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು, ನಿವೃತ್ತಿಯಾದ ಮೇಲೆ ಓಡಿಸಲು ಮಕ್ಕಳಿಲ್ಲದೆ ಒದ್ದಾಡುತ್ತಿದ್ದಾರಂತೆ. ಮೊಳೆಯ ಜಗಳದವರು ನಾಯಿಗೆ ಒಪ್ಪಿದ ಗುಟ್ಟು ಇಷ್ಟೇ. ಹುಡುಗನೂ ಇಲ್ಲ, ಗಿಡುಗನೂ ಇಲ್ಲ.

"ಇಷ್ಟೆಲ್ಲಾ ಮಾಡಿದ್ರೂ ಇನ್ನೂ ಹ್ಞೂ ಅಂದಿಲ್ಲ ಅವಳು," ಎಂದರು. "ನಾಯಿನ ತಂದು ಬಿಟ್ಟು ಗೇಟು ಹಾಕ್ತಾಳೆ. ನಾಲ್ಕು ಹೆಜ್ಜೆ ಹೋಗ್ತಾಳೆ, ವಾಪಸ್ ಬಂದು ಅಲ್ಲಾಡಿಸಿ ನೋಡ್ತಾಳೆ. ಹೀಗೆ ಮೂರು ಸಲ. ಒಂದಿನ ಕೆಲಸಕ್ಕೆ ತಡ ಆಗ್ತಿದ್ರೂ ಅರ್ಧ ದಾರಿಯಿಂದ ತಿರುಗಿ ಬಂದ್ಲು. ಯಾಕಮ್ಮಾ ಅಂದೆ. ಒಂಬತ್ತು ವರ್ಷದವಳಿದ್ದಾಗ ಚಿಲಕ ಸರಿಯಾಗಿ ಹಾಕದೆ ನಮ್ಮ ನಾಯಿನ ಕಳೆದುಬಿಟ್ಟೆ ಸರ್, ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ ಅಂದ್ಲು."

ಟೀ ಅರ್ಧ ಲೋಟ ಇತ್ತು, ಕುಡಿಯಲಾಗಲಿಲ್ಲ. ಎದ್ದು ಬಂದೆ. ನಿನ್ನ ಲ್ಯಾಬಿನ ಮುಂದೆಯೇ ಬಸ್ ನಿಲ್ದಾಣಕ್ಕೆ ದಾರಿ. ಗಾಜಿನಾಚೆ ನೀನು ಮಾಸ್ಕ್ ಹಾಕಿಕೊಂಡು ಒಂದು ಹಲ್ಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಕೆಳಗಿಟ್ಟು ಮತ್ತೆ ಎತ್ತಿ ನೋಡಿದೆ. ಒಳಗೆ ಬರಲು ನನಗೆ ಧೈರ್ಯ ಸಾಲಲಿಲ್ಲ.

ಈಗ ನೀನು ಕೇಳಿದ್ದಕ್ಕೆ ಉತ್ತರ. ತೆಗೆದುಕೋ. ಕೂತು ಕೆಲಸ ಮಾಡುವವಳಿಗೆ ಓಡುವ ನಾಯಿ ಒಗ್ಗುವುದಿಲ್ಲ ಎಂದು ಬರೆಯಲು ಹೊರಟಿದ್ದವನು ನಾನು. ಐದು ವಾರ ಒಂದು ದಿನವೂ ತಪ್ಪಿಸದವಳಿಗೆ ಏನೆಂದು ಹೇಳಲಿ? ಓನರಮ್ಮನಿಗೆ ಮೈ ಸರಿಯಿಲ್ಲದ ದಿನ ಮಧ್ಯಾಹ್ನಕ್ಕೆ ಯಾರು ಎಂದು ಈಗಲೇ ಗೊತ್ತು ಮಾಡಿಕೋ. ಬಾಗಿಲಿಗೆ ಗುಂಡು ಹಿಡಿ ಹಾಕಿಸು, ಅಂಗಡಿಯವನು ಕೊಟ್ಟದ್ದನ್ನು ಕಣ್ಣುಮುಚ್ಚಿ ತರಬೇಡ, ಸ್ಕ್ರೂ ಉದ್ದ ನೋಡಿ ತಗೋ.

ನಿನಗೂ ಆ ಅರ್ಧ ಮಡಿಸಿದ ಕಿವಿಗೂ ಒಳ್ಳೆಯದಾಗಲಿ. ನಿನ್ನ ಕಾಲಿಗೆ ಓಡುವ ಶಕ್ತಿ, ಮನಸ್ಸಿಗೆ ನಿಲ್ಲುವ ಶಕ್ತಿ ಇರಲಿ. ವೇಳೆಗೆ ಸರಿಯಾಗಿ ಊಟ ಮಾಡು.

ಇತಿ ನಿನ್ನ
ಅಪ್ಪ

ಮರೆತಿದ್ದು: ಮರೆತಿದ್ದೇನೂ ಅಲ್ಲ. ಮೇಲಿನದನ್ನು ಅಮ್ಮನಿಗೆ ಓದಲು ಕೊಟ್ಟೆ. ಓದಿ ಮಡಿಸಿಟ್ಟು, "ನಾಯಿ ಮೇಲೆ, ಕನ್ನಡಕದವರ ಮೇಲೆ, ಓನರಮ್ಮನ ಮೇಲೆ, ಎಲ್ಲರ ಮೇಲೂ ಅನುಮಾನ ಬರ್ದಿದೀರಿ. ಒಬ್ಬರನ್ನ ಬಿಟ್ರಿ," ಎಂದಳು. ಯಾರನ್ನು ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ನನ್ನ ದನಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಣ ಓಡಿಹೋಗಲಿಲ್ಲ ಮಗಳೇ. ನಾನು ಕೊಟ್ಟುಬಿಟ್ಟೆ. ಅದು ಎಳೆದ ರಭಸಕ್ಕೆ ಅಮ್ಮ ಮೆಟ್ಟಿಲಿಂದ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದದ್ದು ನಿನಗೆ ನೆನಪಿರಬೇಕು. ಅಡುಗೆ, ಅಂಗಡಿ, ಅವಳ ಔಷಧಿ, ಇದರ ನಡುವೆ ಆ ನಾಯಿ ಓಡಿಸುವವರಿಲ್ಲದೆ ದಿನವೆಲ್ಲ ಅಂಗಳ ಸುತ್ತುತ್ತಾ ಬೊಗಳುತ್ತಿತ್ತು. ಪಂಪ್‌ಸೆಟ್ ಮನೆಗೆ ಬೀಗ ಕೊಳ್ಳಲು ಬಂದ ಒಬ್ಬ ತೋಟದವನು, ನನಗೆ ಕೊಡಿ, ತೋಟದಲ್ಲಿ ಓಡಾಡ್ಕೊಂಡಿರ್ಲಿ ಎಂದ. ನೀನು ಶಾಲೆಯಲ್ಲಿದ್ದಾಗ ಕಳಿಸಿದೆ. ಕೊಟ್ಟದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಸಂಜೆ ನೀನು ಬಂದು ಬಾಣ ಎಲ್ಲಿ ಎಂದಾಗ, ನಿನ್ನ ಅಳು ಎದುರಿಸಲಾರೆನೆಂದು ಮೊದಲೇ ಹೆಣೆದಿಟ್ಟಿದ್ದ ಹಾಗೆ, ಬೆಳಿಗ್ಗೆ ನೀನು ಚಿಲಕ ಹಾಕದೆ ಹೋದೆ, ಅದು ಓಡಿಹೋಯಿತು ಎಂದುಬಿಟ್ಟೆ.

"ಹಾಕಿದ್ದೆ ಅಪ್ಪ," ಎಂದೆ ನೀನು.

"ಹಾಕಿದ್ರೆ ಹೇಗೆ ಹೋಗುತ್ತೆ?" ಎಂದೆ ನಾನು.

ಮೂರನೇ ದಿನ ನೀನೇ ಬಂದು, "ಹಾಕಿರ್ಲಿಲ್ಲ ಅನ್ಸುತ್ತೆ," ಎಂದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಆ ಗೇಟಿನ ಚಿಲಕ ನಾನೇ ಮಾಡಿದ್ದು. ತನ್ನ ಭಾರಕ್ಕೆ ತಾನೇ ಬೀಳುವಂಥದ್ದು. ಅದನ್ನು ಹಾಕದೆ ಹೋಗಲು ಯಾರಿಂದಲೂ ಸಾಧ್ಯವಿರಲಿಲ್ಲ, ಕೈ ಬಿಟ್ಟರೆ ಸಾಕು, ಬೀಳುತ್ತಿತ್ತು. ನೀನು ಎಲ್ಲಿ ಪರೀಕ್ಷಿಸಿ ನೋಡುತ್ತೀಯೋ ಎಂದು ನೀನು ಶಾಲೆಯಿಂದ ಬರುವ ಮುಂಚೆಯೇ ಅದರ ನಾಲಿಗೆಯನ್ನು ಅರ ಹಾಕಿ ಉಜ್ಜಿ ಸಡಿಲ ಮಾಡಿದ್ದೆ. ನನ್ನ ಸುಳ್ಳು ನಿಲ್ಲಲೆಂದು ನನ್ನ ಕೆಲಸವನ್ನೇ ಕೆಡಿಸಿದೆ, ನಿನ್ನನ್ನೂ ಕೆಡಿಸಿದೆ. ಇವತ್ತು ಅಮ್ಮ ಹೇಳುತ್ತಾಳೆ, "ಅರ ಉಜ್ಜೋ ಸದ್ದು ಹಾಸಿಗೆಯಲ್ಲಿದ್ದ ನನಗೆ ಕೇಳ್ತಿತ್ತು" ಎಂದು. ಅವಳೂ ಹದಿನಾರು ವರ್ಷ ಸುಮ್ಮನಿದ್ದಳು. ನನಗೆ ನಾಚಿಕೆಯಾಗುತ್ತಿದೆ ಗುಬ್ಬಿ.

ಬಾಣ ಆ ತೋಟದಲ್ಲಿ ಒಂಬತ್ತು ವರ್ಷ ಬದುಕಿತು. ನಾನು ಎರಡು ಸಲ ನೋಡಲು ಹೋಗಿದ್ದೆ. ಎರಡನೇ ಸಲ ಸೈಕಲ್ ಬೆಲ್ಲಿಗೇ ಗುರುತು ಹಿಡಿದು ಬೇಲಿಯವರೆಗೂ ಓಡಿ ಬಂತು, ನನ್ನನ್ನು ಮೂಸಿ, ಆಮೇಲೆ ನನ್ನ ಹಿಂದಿನ ಸೀಟಿನಲ್ಲಿ ನಿನ್ನನ್ನು ಹುಡುಕಿತು. ಮತ್ತೆ ಹೋಗಲಿಲ್ಲ.

ಈ ಕಾಗದದ ಜೊತೆ ಒಂದು ಚಿಲಕ ಕಳಿಸುತ್ತಿದ್ದೇನೆ, ನಿಮ್ಮ ಮನೆಯ ಕೆಳಗಿನ ಗೇಟಿಗೆ. ಅದೇ ಅಳತೆ, ಅದೇ ತೂಕ, ನಿನ್ನ ಊರಿಂದ ಬಂದ ಮೇಲೆ ಮೂರು ದಿನ ಕೂತು ಮಾಡಿದ್ದು. ಬೀಗದವನ ಮಾತು ನಂಬಬೇಡ, ನೀನೇ ನೋಡು. ನೂರು ಸಲ ಕೈ ಬಿಡು. ನೂರು ಸಲವೂ ಬೀಳುತ್ತದೆ. ಅವತ್ತೂ ಬಿದ್ದಿತ್ತು.