ಆರು ವಾರದ ಪಥ್ಯ

ಜೂನ್ 3, ಬೆಳಗ್ಗೆ 6.30

‘ಒಂದೇ ಪಾತ್ರೆಯಲ್ಲಿದ್ದೂ ನೀರಿಗೆ ಎಣ್ಣೆ ಪರದೇಶಿ...’ ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದು? ‘ಪರದೇಶಿ’ಯೋ, ‘ಹಗೆ’ಯೋ? ಯಾವುದಾದರೂ ಪೂರ್ತಿ ನಿಜವಲ್ಲ. ಜೀವಕೋಶದ ಪೊರೆಯಲ್ಲಿರುವ ಕೊಬ್ಬಿಗೆ ತಲೆ ಒಂದು, ಬಾಲ ಎರಡು. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಬಾಲಗಳನ್ನು ನಡುವೆ ಬಚ್ಚಿಟ್ಟುಕೊಂಡು ಎರಡು ಸಾಲಾಗಿ ನಿಂತರೆ — ಗೋಡೆ. ಅದಿಲ್ಲದೆ ಜೀವಕ್ಕೆ ಒಳಗೂ ಇಲ್ಲ, ಹೊರಗೂ ಇಲ್ಲ. ಇವತ್ತು ಮೊದಲ ವರ್ಷದವರಿಗೆ ಇಲ್ಲಿಂದಲೇ ಶುರು.

ಅಕ್ಕನ ತಟ್ಟೆ ಸಿದ್ಧ. ಅನ್ನ, ಬೇಯಿಸಿದ ಕ್ಯಾರೆಟ್, ಕೆನೆ ತೆಗೆದ ಹಾಲು. ಪಿತ್ತಕೋಶದ ಆಪರೇಷನ್ ಆದಾಗ ಡಾಕ್ಟರ್ ಬರೆದದ್ದು: ಆರು ವಾರ ಜಿಡ್ಡು ಕಡಿಮೆ. ‘ಕಡಿಮೆ’ಯನ್ನು ‘ಇಲ್ಲ’ ಮಾಡಿದ್ದು ನಾನು. ಹದಿನೆಂಟು ತಿಂಗಳಾಯಿತು. ಹೊಟ್ಟೆನೋವು ಮತ್ತೆ ಬಂದಿಲ್ಲವಲ್ಲ.

“ಒಂದು ಚಮಚ ಎಣ್ಣೆ ಹಾಕಿದ್ರೆ ನಿನ್ನ ಗಂಟೇನು ಹೋಗತ್ತೆ?”

“ನಿನ್ನ ಒಳ್ಳೇದಕ್ಕೇ ಅಕ್ಕ.”

“ನನ್ನ ಒಳ್ಳೇದು ನಿನಗೆ ಯಾವಾಗಿಂದ ಬೇಕಾಯ್ತು, ಪ್ರೊಫೆಸರಮ್ಮ?”

ಅಮ್ಮ ಹೋದಮೇಲೆ ಮೂವತ್ತು ವರ್ಷ ಸೌಟು ಅವಳ ಕೈಯಲ್ಲಿತ್ತು. ಕೆನೆ ಅಪ್ಪನಿಗೆ, ತಳದ್ದು ನನಗೆ. ‘ನಿನ್ನಂಥ ಕಡ್ಡಿಗೆ ಹಾಕಿದ್ದೆಲ್ಲ ದಂಡ’ ಎನ್ನುತ್ತಿದ್ದಳು. ನಗುನಗುತ್ತಲೇ.

ಈಗ ಬಡಿಸುವವಳು ನಾನು.

ಜೂನ್ 11

ಹಿಂದಿನ ಬೆಂಚಿನ ವಾಚಾಳಿ ಕೇಳಿದಳು: “ಮ್ಯಾಮ್, ಕೊಬ್ಬೇ ತಿನ್ನದೆ ಇದ್ರೆ ಏನಾಗತ್ತೆ? ನಮ್ಮಮ್ಮ ಡಯಟ್ ಅಂತ ಕೂತಿದಾರೆ.”

ಬೋರ್ಡಿನ ಮೇಲೆ ಬರೆದೆ. ಕೆಲವು ಕೊಬ್ಬಿನಾಮ್ಲಗಳನ್ನು ದೇಹ ತಾನೇ ಮಾಡಿಕೊಳ್ಳಲಾರದು; ಅವಿಲ್ಲದಿದ್ದರೆ ಚರ್ಮ ಒಣಗಿ ಹೊಟ್ಟು ಏಳುತ್ತದೆ, ಕೂದಲು ಉದುರುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲು ಕೊಬ್ಬು ಬೇಕು. ಎ ಕಡಿಮೆಯಾದರೆ ಮೊದಲು ಹೋಗುವುದು ಮಬ್ಬು ಬೆಳಕಿನ ನೋಟ.

“ಕ್ಯಾರೆಟ್ ತಿಂದ್ರೆ ಸಾಲ್ದಾ ಮ್ಯಾಮ್?”

“ಜಿಡ್ಡಿಲ್ಲದೆ ತಿಂದ್ರೆ ಬಹುಪಾಲು ಹಾಗೇ ಆಚೆ ಹೋಗತ್ತೆ.”

ಎಲ್ಲರೂ ನಕ್ಕರು. ನಾನೂ.

ಸಂಜೆ ಮನೆಗೆ ಬಂದಾಗ ಅಕ್ಕ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. “ಲೈಟ್ ಹಾಕ್ಕೋಬಾರ್ದಾ?” ಎಂದೆ. “ಹಾಕಿದೀನಲ್ಲೇ” ಎಂದಳು.

ಹಾಕಿದ್ದಳು.

ಊಟಕ್ಕೆ ಬೇಯಿಸಿದ ಕ್ಯಾರೆಟ್ ಕೊಟ್ಟೆ.

ಜೂನ್ 29, ಮಧ್ಯಾಹ್ನ

ಅಕ್ಕ ಎದುರು ಮನೆಯ ಟೈಲರಮ್ಮನ ಹತ್ತಿರ ಹೋಗಿ ಬಂದಳು. ಬೆರಳುಗಳು ಮಿರಮಿರ ಹೊಳೆಯುತ್ತಿದ್ದವು. ಲ್ಯಾಬಿನ ಕಂದು ಕಾಗದ ಬ್ಯಾಗಿನಲ್ಲೇ ಇತ್ತು. ಅವಳ ಕೈ ಹಿಡಿದು ಐದೂ ಬೆರಳನ್ನು ಅದರ ಮೇಲೆ ಒತ್ತಿದೆ. “ಕಳ್ಳರಿಗೆ ಮಾಡ್ಸೋ ಹಾಗೆ ಮಾಡ್ತೀಯಲ್ಲೇ” ಎಂದಳು. ಕಿಟಕಿಯ ಬಿಸಿಲಿಗಿಟ್ಟು ಕಾದೆ. ನೀರಾದರೆ ಕಲೆ ಆರುತ್ತದೆ. ಜಿಡ್ಡಾದರೆ ಬೆಳಕು ಹಾಯುವ ಮಚ್ಚೆ ಉಳಿಯುತ್ತದೆ.

ಐದೂ ಉಳಿದವು.

ಅವಳನ್ನು ಎಳೆದುಕೊಂಡೇ ಎದುರು ಮನೆಗೆ ಹೋದೆ. ಅಳತೆ ಕೊಡಲು ಬಂದ ಇಬ್ಬರು ಹೆಂಗಸರು ಕೂತಿದ್ದರು. ಇರಲಿ ಎನಿಸಿತು.

“ಕದ್ದುಮುಚ್ಚಿ ಕರಿದದ್ದು ತಿನ್ನಿಸ್ತೀರಾ ನಮ್ಮಕ್ಕಂಗೆ?”

ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟಳು. “ತಿನ್ನಿಸ್ಲಿಲ್ಲ ಟೀಚರ್. ಹಚ್ಕೊಳ್ಳೋಕೆ ಕೊಟ್ಟೆ.” ಅಕ್ಕನ ರವಿಕೆಯ ತೋಳನ್ನು ಮೇಲೆ ಸರಿಸಿದಳು. ಮೊಣಕೈ ಸೀಳುಸೀಳಾಗಿತ್ತು. ಸೀಳಿನ ತುಂಬ ಎಣ್ಣೆ. “ರಕ್ತ ಬರ್ತಿತ್ತು.”

ಎಂಥ ಎಳಸು ತಪ್ಪು. ಕಾಗದ ಹೇಳುವುದು ಜಿಡ್ಡಿದೆ ಎಂದಷ್ಟೇ, ಬಾಯಿಗೆ ಹೋಯಿತೆಂದಲ್ಲ. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಅಂಕ ಕಳೆಯುವವಳು ನಾನೇ.

ಹೆಂಗಸರು ನೋಡುತ್ತಿದ್ದರು. ಏನಾದರೂ ಹೇಳಬೇಕಿತ್ತು. “ಹಚ್ಚೋದೂ ಬೇಡ” ಎಂದೆ.

ಅಕ್ಕ ಅತ್ತಿದ್ದರೆ ಚೆನ್ನಾಗಿತ್ತು. ನಕ್ಕಳು.

ಜುಲೈ 2

ಅಡುಗೆ ಮಾಡುವಾಗ ಎಣ್ಣೆ ಡಬ್ಬಿ ಕೈಗೆತ್ತಿಕೊಂಡೆ. ಒಂದು ಚಮಚ, ಅಷ್ಟೇ. ಆದರೆ ಇವತ್ತು ಹಾಕಿದರೆ... ಹದಿನೆಂಟು ತಿಂಗಳು ಹಾಕದ್ದು ತಪ್ಪೆಂದು ಅವಳೆದುರು ಒಪ್ಪಿಕೊಂಡ ಹಾಗೆ. ಅವಳು ಅದನ್ನು ಸಾಯುವ ತನಕ ಆಡಿಕೊಳ್ಳುತ್ತಾಳೆ.

ಮುಚ್ಚಳ ಬಿಗಿದು ಮೇಲಿಟ್ಟೆ.

ಜುಲೈ 9, ಸಂಜೆ 7

ಕಾಲೇಜಿನಿಂದ ಬಂದೆ. ಬಾಗಿಲಿಗೆ ಬೀಗ. ತೆಗೆದು ಒಳಗೆ ಹೋದರೆ ಅಕ್ಕ ಇಲ್ಲ. ತಟ್ಟೆಯಲ್ಲಿ ಮಧ್ಯಾಹ್ನದ ಅನ್ನ ಹಾಗೇ ಇತ್ತು.

ಬೆಲ್ ಆಯಿತು. ಟೈಲರಮ್ಮ. ಒಳಗೆ ಬನ್ನಿ ಎಂದರೂ ಹೊಸ್ತಿಲು ದಾಟಲಿಲ್ಲ.

“ನಿನ್ನೆ ಸಂಜೆ ಮೆಟ್ಟಿಲ ಮೇಲೆ ಬಿದ್ರು. ನಿಮಗೆ ಹೇಳ್ಬೇಡ ಅಂದ್ರು. ಇವತ್ತು ನಾನೇ ಕಣ್ಣಾಸ್ಪತ್ರೆಗೆ ಕರ್ಕೊಂಡ್ಹೋದೆ. ಈಗ ನಮ್ಮನೇಲಿ ಊಟ ಮಾಡ್ತಿದಾರೆ. ಇಲ್ಲಿಗೆ ಇನ್ನು ಬರಲ್ವಂತೆ.”

ಡಾಕ್ಟರ್ ಏನೆಂದರು ಎಂದು ಕೇಳಿದೆ. ಏನೆಂದಿರುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು... ಆದರೂ ಕೇಳಿದೆ.

“ಮನೇಲಿ ಓದಿದೋರು ಯಾರೂ ಇಲ್ವಾ ಅಂದ್ರು, ಟೀಚರ್. ಇಲ್ಲ ಅಂದೆ.”