ಆ ಮುಖ ಗೋಡೆಗೆ ಬೇಡ

ಶುಕ್ರವಾರ, ಬೆಳಗಿನ ಜಾವ

ಪ್ರೀತಿಯ ಅಕ್ಕನಿಗೆ,

ಎರಡು ಗಂಟೆಗೆ ಎಚ್ಚರವಾಯಿತು. ಮಗು ಅತ್ತದ್ದರಿಂದ ಅಲ್ಲ, ಅವಳು ಇವತ್ತು ಯಾರ ಪುಣ್ಯಕ್ಕೋ ಮಿಸುಕಾಡದೆ ಮಲಗಿದ್ದಾಳೆ. ನಮ್ಮ ಕಾಂಪೌಂಡ್ ಗೋಡೆಗೆ ಯಾರೋ ಅಂಟು ಬಳಿಯುತ್ತಿದ್ದ ಸದ್ದು. ದಪ್ಪ ಬ್ರಷ್ಷನ್ನು ಬಕೆಟ್ಟಿಗೆ ಅದ್ದುವುದು, ಗೋಡೆಯ ಮೇಲೆ ಸರಕ್ ಸರಕ್ ಎಂದು ಎಳೆಯುವುದು. ನಿನ್ನ ಹುಡುಗರೇ ಬಂದುಬಿಟ್ಟರೇನೋ ಎಂದು ಎದ್ದು ಓಡಿದೆ. ಕಿಟಕಿಯಿಂದ ಬಗ್ಗಿ ನೋಡಿದರೆ ನಿನ್ನ ಎದುರಾಳಿಯ ಕಡೆಯವರು ಇಬ್ಬರು. ಹೋದ ವಾರ ಅಂಟಿಸಿದ್ದ ಪೋಸ್ಟರಿನಲ್ಲಿ ನಿನ್ನ ಮುಖದ ಮೇಲೆ ಅವನ ಮುಖ ಅಂಟಿಸುತ್ತಿದ್ದರು. "ಮೂಗು ಕಾಣ್ತಾ ಇದೆ ನೋಡೋ, ಮೂಗಿಗೆ ಇನ್ನೊಂಚೂರು ಬಳಿ" ಎಂದ ಒಬ್ಬ. ಇನ್ನೊಬ್ಬ ನಿನ್ನ ಮೂಗಿಗೆ ಧಾರಾಳವಾಗಿ ಬಳಿದ. ಸುಳ್ಳು ಯಾಕೆ ಹೇಳಲಿ, ನನಗೆ ನಗು ಬಂತು. ಆಮೇಲೆ ಮಾತ್ರ ನಿದ್ದೆ ಹತ್ತಲಿಲ್ಲ.

ನೆನ್ನೆ ಸಂಜೆ ಮಾತಿನ ನಡುವೆಯೇ ಫೋನ್ ಇಟ್ಟುಬಿಟ್ಟೆ, ಆಮೇಲೆ ನೀನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೆ ಕ್ಷಮಿಸು. ಅದೊಂದಕ್ಕೆ ಮಾತ್ರ. ಫೋನಿನಲ್ಲಿ ನಿನ್ನ ಜೊತೆ ಜಗಳವಾಡಿ ನಾನು ಯಾವತ್ತು ಗೆದ್ದಿದ್ದೇನೆ ಹೇಳು. ನನ್ನ ವಾಕ್ಯ ಇನ್ನೂ ಬಾಯಲ್ಲಿರುವಾಗಲೇ ನೀನು ಅದಕ್ಕೆ ಉತ್ತರ ಕೊಟ್ಟು, ಮುಂದಿನ ವಿಷಯಕ್ಕೂ ಹೋಗಿರುತ್ತೀಯ. ಅದಕ್ಕೇ ಈ ಕಾಗದ. ಬರೆದು ಮುಗಿಸಿ ಒಂದೊಂದೇ ಹಾಳೆಯ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತೇನೆ. ಚುನಾವಣೆಗೆ ನಿಂತಾಗಿನಿಂದ ನೀನು ನಾಲ್ಕಕ್ಕೇ ಏಳುತ್ತೀಯಂತೆ, ಎದ್ದವಳು ಹಲ್ಲುಜ್ಜುವ ಮೊದಲು ಫೋನ್ ನೋಡುತ್ತೀಯಂತೆ, ಭಾವ ಹೇಳಿದರು. ಓದುವಾಗ ನಡುವೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ, ನನಗೆ ಅಷ್ಟು ಸಾಕು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇವರಿಗೆ ಈ ವಾರವೂ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ. ಮಗಳಿಗೆ ಮೇಲಿನ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನೆನ್ನೆ ನಿನ್ನ ಚುನಾವಣೆಯ ಕರಪತ್ರವನ್ನೂ ಬಿಡಲಿಲ್ಲ. ಮೂಲೆಯಲ್ಲಿದ್ದ ಪಕ್ಷದ ಗುರುತು ಹೊಟ್ಟೆಗೆ ಹೋಯಿತು, ನೀನು ಉಳಿದುಕೊಂಡೆ.

ಈಗ ಪೋಸ್ಟರಿನ ವಿಷಯ. ನಾನು ಒಪ್ಪುವುದಿಲ್ಲ ಅಕ್ಕ. ಸಂಜೆಯೂ ಒಪ್ಪಲಿಲ್ಲ, ಈಗಲೂ ಇಲ್ಲ, ಅದು ಗೋಡೆ ಹತ್ತಿದ ಮೇಲೂ ಒಪ್ಪುವುದಿಲ್ಲ.

ನಿನ್ನ ಟ್ರಸ್ಟಿನ ಕಾಗದಪತ್ರಗಳನ್ನೆಲ್ಲ ನಾನೇ ತಿದ್ದಿಕೊಡುವವಳಾದ್ದರಿಂದ ಪ್ರೆಸ್ಸಿನವರು ಅದನ್ನೂ ನನಗೇ ಕಳಿಸಿದ್ದರು, ತಪ್ಪಿದ್ದರೆ ಹೇಳಿ, ರಾತ್ರಿಯೇ ಅಚ್ಚಿಗೆ ಹೋಗಬೇಕು ಎಂದು. ಮಗುವಿಗೆ ಹಾಲು ಕೊಡುತ್ತಾ ಒಂದು ಕೈಯಲ್ಲಿ ಫೋನ್ ತೆರೆದೆ. ಮೇಲೆ ನೀನು ನಗುತ್ತಿದ್ದೆ. ಕೆಳಗೆ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಅದರೊಳಗೆ ಬಿಳಿ ಟೋಪಿ, ಮುಚ್ಚಿದ ಕಣ್ಣು, ಮೂಗಿನಲ್ಲಿ ನಳಿಕೆ, ಕೆನ್ನೆಯ ಮೇಲೆ ಪ್ಲಾಸ್ಟರಿನ ಪಟ್ಟಿ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ, "ಈ ಉಸಿರು ಉಳಿದದ್ದು ನಿಮ್ಮ ದಾನದಿಂದ, ಈ ಊರು ಉಳಿಯುವುದು ನಿಮ್ಮ ಮತದಿಂದ."

ನಿನಗೆ ಫೋನ್ ಮಾಡಿದರೆ ಏನೆಂದೆ? "ಅಕ್ಷರ ನೋಡು ಅಂದ್ರೆ ಫೋಟೋ ನೋಡ್ತಾ ಕೂತಿದ್ದೀಯಾ?"

"ಇದನ್ನ ಹಾಕೋಕೆ ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದೆ.

"ಯಾರದೋ ಮಗು ಆಗಿದ್ರೆ ಕೇಳ್ತಿದ್ದೆ. ಇದು ನಮ್ಮನೆ ಮಗು. ನಮ್ಮನೆ ಮಗುವಿಗೆ ಯಾರ ಹತ್ರ ಹೋಗಿ ಕೇಳ್ಲಿ?"

"ನನ್ನ ಹತ್ರ."

"ನೀನು ಬೇರೆ, ನಾನು ಬೇರೆನಾ?"

ಅಲ್ಲಿಗೆ ನಾನು ಫೋನ್ ಇಟ್ಟೆ. ಹೌದು ಅಕ್ಕ, ಬೇರೆ. ನೀನು ನನಗೆ ಜಡೆ ಹಾಕಿದವಳು, ನನ್ನ ಕಾಲೇಜಿನ ಅರ್ಜಿಗೆ ಸಹಿ ಹಾಕಿದವಳು, ಹೆರಿಗೆಯ ದಿನ ಇವರಿಗಿಂತ ಮೊದಲು ಬಂದು ನಿಂತವಳು. ಆದರೂ ಬೇರೆ.

ಸೋಮವಾರ ನಿನ್ನ ಟ್ರಸ್ಟಿನ ಹಾಲ್‌ಗೆ ಬಂದಿದ್ದೆನಲ್ಲ, ಅಂದಿನಿಂದಲೇ ನನಗೆ ಸಮಾಧಾನವಿಲ್ಲ. ಬಾಣಂತಿಯರಿಗೆ ಹಾಲಿನ ಪುಡಿಯ ಡಬ್ಬಿ ಕೊಡುವ ಕಾರ್ಯಕ್ರಮ. ನಿನ್ನ ಫೋಟೋಗ್ರಾಫರ್ ಇದ್ದಾನಲ್ಲ, ಎಲ್ಲರೂ ‘ಸ್ವಲ್ಪನಗಿ’ ಎಂದು ಕರೆಯುವವನು, ಅವನು ಸಾಲಿನಲ್ಲಿ ನಿಂತವರಿಗೆಲ್ಲ ಮೊದಲೇ ಪಾಠ ಹೇಳುತ್ತಿದ್ದ. "ಅಮ್ಮಾ, ಕೊಡೋರು ಕ್ಯಾಮೆರಾ ನೋಡ್ತಾರೆ. ತಗೊಳ್ಳೋರು ಡಬ್ಬಿ ನೋಡ್ಬೇಕು. ಇಬ್ರೂ ಕ್ಯಾಮೆರಾ ನೋಡಿದ್ರೆ ಯಾರು ಕೊಟ್ರು, ಯಾರು ತಗೊಂಡ್ರು ಗೊತ್ತಾಗಲ್ಲ. ನಾನು ಅನ್ನೋವರೆಗೂ ಇಬ್ರೂ ಡಬ್ಬಿ ಬಿಡ್ಬೇಡಿ." ನಾಲ್ಕು ಕೈ ಒಂದು ಡಬ್ಬಿಯನ್ನು ಹಿಡಿದು ನಿಲ್ಲಬೇಕು. ಬೆಳಕು ಸರಿಬರದಿದ್ದರೆ ಡಬ್ಬಿ ವಾಪಸ್ ಕೊಟ್ಟು ಮತ್ತೆ ತೆಗೆದುಕೊಳ್ಳಬೇಕು.

ಸೊಸೆಯ ಪರವಾಗಿ ಬಂದಿದ್ದ ಒಬ್ಬ ಅಜ್ಜಿಯ ಸರದಿ ಬಂತು. ಅವರು ಡಬ್ಬಿ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡುಬಿಟ್ಟರು.

"ಅಜ್ಜಿ, ಕಣ್ಣು ಮುಚ್ಚಿಬಿಟ್ರಿ. ಇನ್ನೊಂದ್ಸಲ ತಗೊಳ್ಳಿ" ಎಂದ ಸ್ವಲ್ಪನಗಿ.

"ತಗೊಂಡಾಯ್ತಲ್ಲಪ್ಪ."

"ಫೋಟೋ ಬರ್ಲಿಲ್ಲ ಅಜ್ಜಿ."

"ಹಾಲು ಬಂತಲ್ಲ, ಸಾಕು. ಇನ್ನೊಂದ್ಸಲ ಕೊಡೋದಾದ್ರೆ ಇನ್ನೊಂದು ಡಬ್ಬಿ ಕೊಡಿ, ಕಣ್ಣು ಬಿಟ್ಕೊಂಡು ತಗೊಳ್ತೀನಿ."

ಹಾಲ್ ತುಂಬ ನಗು. ನೀನೂ ನಕ್ಕೆ. ಆದರೆ ಕೈ ಚಾಚಿ ಅವರ ಚೀಲದಿಂದ ಡಬ್ಬಿ ತೆಗೆಸಿ, ಮತ್ತೆ ಕೊಟ್ಟೆ. ಅಜ್ಜಿ ಆ ಸಲ ಡಬ್ಬಿಯನ್ನೂ ನೋಡಲಿಲ್ಲ, ಕ್ಯಾಮೆರಾವನ್ನೂ ನೋಡಲಿಲ್ಲ. ನಿನ್ನ ಮುಖವನ್ನೇ ನೋಡುತ್ತಾ ನಿಂತರು. ಆ ಫೋಟೋವನ್ನು ನೀನು ಎಲ್ಲೂ ಹಾಕಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ, ಇದೆಲ್ಲ ಬೇಕೇ ಎಂದು ಕೇಳಿದೆ. "ಫೋಟೋ ಇಲ್ಲದಿದ್ರೆ ಕೊಟ್ಟಿದ್ದನ್ನ ಯಾರು ನಂಬ್ತಾರೆ? ಹಣ ಕೊಡೋರು ಫೋಟೋ ಕೇಳ್ತಾರೆ, ಪಕ್ಷದವರು ಫೋಟೋ ಕೇಳ್ತಾರೆ" ಎಂದೆ ನೀನು. ಗೊತ್ತು. ಆದರೆ ಮೊದಲು ನೀನು ನಿನ್ನ ಸ್ಕೂಟರಿನ ಡಿಕ್ಕಿಯಲ್ಲಿ ಹಾಲು ತುಂಬಿಕೊಂಡು ಆಸ್ಪತ್ರೆಯ ಹಿಂಬಾಗಿಲಿನಿಂದ ಹೋಗಿ ಕೊಟ್ಟು ಬರುತ್ತಿದ್ದೆ. ಯಾರೂ ನಂಬದಿದ್ದರೂ ಮಕ್ಕಳು ಕುಡಿಯುತ್ತಿದ್ದವು.

ನಿನ್ನನ್ನು ಹಂಗಿಸುತ್ತಿಲ್ಲ. ರಾಜಕೀಯಕ್ಕೆ ಬಂದದ್ದೇ ತಪ್ಪು ಎನ್ನುವ ಸೋಗಲಾಡಿಯೂ ನಾನಲ್ಲ. ನೀನು ಗೆಲ್ಲಬೇಕು. ಕತ್ತಲಾದ ಮೇಲೆ ಆಸ್ಪತ್ರೆಯ ರಸ್ತೆಯಲ್ಲಿ ಒಬ್ಬಳೇ ನಡೆಯುವ ಹೆಂಗಸಿಗೆ ದೀಪ ಬೇಕೆಂಬುದು ಆ ಎದುರಾಳಿಗೆ ಹೊಳೆಯುವುದಿಲ್ಲ, ನಿನಗೆ ಹೊಳೆಯುತ್ತದೆ. ನನ್ನ ಮತ ನಿನಗೇ. ಮತ ಕೊಟ್ಟೆ ಎಂದು ನನ್ನ ಮಗುವಿನ ಮುಖವನ್ನೂ ಕೊಡಬೇಕೆಂದಿಲ್ಲ.

ಆ ಮೂರು ದಿನಗಳನ್ನು ನೀನು ಮರೆತಿಲ್ಲ, ನನಗೆ ಗೊತ್ತು. ಇಬ್ಬರು ಹುಟ್ಟಿದರು, ತಿಂಗಳು ತುಂಬುವ ಮೊದಲೇ. ಹುಡುಗ ಮೂರನೆಯ ದಿನ ಹೋದ, ಹುಡುಗಿ ಉಳಿದಳು. ನಾನು ಹೊಲಿಗೆ ಹಾಕಿಸಿಕೊಂಡು ಮೇಲಿನ ಮಹಡಿಯಲ್ಲಿ ಮಲಗಿದ್ದೆ, ಅವರಿಬ್ಬರೂ ಕೆಳಗೆ ಪಕ್ಕಪಕ್ಕದ ಪೆಟ್ಟಿಗೆಗಳಲ್ಲಿ. ಆ ಕೋಣೆಗೆ ಯಾರೂ ಫೋನ್ ಒಯ್ಯುವಂತಿರಲಿಲ್ಲ. ಇವರನ್ನೂ ಬಾಗಿಲಿನಿಂದಾಚೆಗೇ ನಿಲ್ಲಿಸುತ್ತಿದ್ದರು. ಪೆಟ್ಟಿಗೆಗಳನ್ನು ಕೊಡಿಸಿದ್ದು ನಿನ್ನ ಟ್ರಸ್ಟ್ ಆದ್ದರಿಂದ ನಿನ್ನನ್ನು ಮಾತ್ರ ಬಿಟ್ಟರು, ಫೋನಿನ ಸಮೇತ. ನೀನು ಹೋಗಿ ಬಂದು "ಬೆಚ್ಚಗಿದ್ದಾರೆ ಕಣೇ" ಎನ್ನುತ್ತಿದ್ದೆ. ಆ ಒಂದು ಮಾತಿನ ಮೇಲೆ ನಾನು ಮೂರು ದಿನ ಬದುಕಿದೆ. ಆ ಋಣ ನನಗೆ ಗೊತ್ತಿದೆ, ನೀನು ನೆನಪಿಸಬೇಕಾಗಿಲ್ಲ.

ಆಮೇಲೆ ಎಲ್ಲರೂ ಸೇರಿ ಒಬ್ಬನನ್ನು ಅಳಿಸಿಹಾಕಿದಿರಿ. ನಮ್ಮ ಅತ್ತೆ, ನೆರೆಯವರು, ನೀನು, ಇವರೂ. "ಮಗು ಉಳೀತಲ್ಲ, ಸಾಕು." ನಾನು ಲೆಕ್ಕ ತಪ್ಪಿ "ಮಕ್ಕಳು" ಎಂದರೆ ಕೋಣೆಯಲ್ಲಿ ಯಾರಿಗಾದರೂ ಕೆಮ್ಮು ಬರುತ್ತದೆ. ನಾನು ದುಃಖದಲ್ಲಿದ್ದೇನೆ ಎಂದುಕೊಂಡಿದ್ದೀರಿ. ದುಃಖಕ್ಕಿಂತ ಸಿಟ್ಟೇ ಜಾಸ್ತಿ.

ಆದ್ದರಿಂದ ಕೇಳು. ಭಾನುವಾರ ನಿನ್ನ ಸಭೆಯಲ್ಲಿ ಮಗುವನ್ನು ಎತ್ತಿಕೊಂಡು ಆ ಪೋಸ್ಟರಿನ ಪಕ್ಕ ನಿಲ್ಲಬೇಕು ಎಂದೆಯಲ್ಲ, ನಿಲ್ಲುವುದಿಲ್ಲ. ನಿನ್ನ ಪಕ್ಷದ ಹಿರಿಯರು ಬಂದು ಕರೆದರೂ ಇಲ್ಲ. ಬೆಳಿಗ್ಗೆ ನಿನ್ನ ಹುಡುಗರು ಅದನ್ನು ಅಂಟಿಸಿದರೆ ನಾನು ಬಕೆಟ್ಟು, ಕೆರೆಯುವ ತಗಡು ಹಿಡಿದು ಅವರ ಹಿಂದೆಯೇ ಹೊರಡುತ್ತೇನೆ. ಮೊದಲು ಆಸ್ಪತ್ರೆಯ ಗೇಟು, ಆಮೇಲೆ ಬಸ್ ನಿಲ್ದಾಣ. ಯಾರಾದರೂ ಕೇಳಿದರೆ ಅಭ್ಯರ್ಥಿಯ ಸ್ವಂತ ತಂಗಿ ಎಂದೇ ಹೇಳುತ್ತೇನೆ. ಸ್ವಲ್ಪನಗಿಗೂ ಹೇಳಿ ಕಳಿಸು, ಒಳ್ಳೆಯ ಫೋಟೋ ಸಿಗುತ್ತದೆ. ನಾನು ಡಬ್ಬಿ ನೋಡುವುದಿಲ್ಲ, ಕ್ಯಾಮೆರಾವನ್ನೇ ನೋಡುತ್ತೇನೆ.

ನಿನಗೆ ನಷ್ಟವಾಗುತ್ತದೆ, ಗೊತ್ತು. ಇಷ್ಟರಲ್ಲಿ ಅಚ್ಚಾಗಿರುತ್ತದೆ, ನಿನ್ನ ಹುಡುಗರ ಕೈಗೂ ಸೇರಿರುತ್ತದೆ, ನಿಲ್ಲಿಸಿದರೆ ಎದುರಾಳಿಯ ಬಾಯಿಗೆ ಸಕ್ಕರೆ ಹಾಕಿದ ಹಾಗೆ. ಆದರೂ ಕೇಳುತ್ತೇನೆ. ಬೇರೆ ಏನನ್ನಾದರೂ ಹಾಕು. ಖಾಲಿ ಪೆಟ್ಟಿಗೆ ಹಾಕು, ನಿನ್ನ ಹಳೇ ಸ್ಕೂಟರ್ ಹಾಕು. ಆ ಸ್ಕೂಟರಿಗೆ ಈ ಊರಿನ ಅರ್ಧ ಬಾಣಂತಿಯರು ಮತ ಹಾಕುತ್ತಾರೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗನಿಗೆ ಚಿಕ್ಕಮ್ಮನ ಮುತ್ತು, ಪರೀಕ್ಷೆ ಚೆನ್ನಾಗಿ ಬರೆಯಲಿ. ಗಂಟಲು ಕಟ್ಟಿದೆ ಎಂದಿದ್ದೆ, ಭಾಷಣದ ನಡುವೆ ಬಿಸಿನೀರು ಕುಡಿಯುತ್ತಿರು. ನಿನಗೆ ಒಳ್ಳೆಯದಾಗಲಿ, ಗೆದ್ದು ಬಾ. ಇದನ್ನೂ ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಆದರೆ ಮನಸಾರೆ ಹೇಳುತ್ತಿದ್ದೇನೆ.

ಇಂತಿ,
ನೀನೇ ಹೆಸರಿಟ್ಟ ಹಾಗೆ,
ನಿನ್ನ ಗೊಣಗಿ

ಮತ್ತೆ ಒಂದು ಮಾತು:

ಸಹಿ ಹಾಕಿ, ಹಾಳೆಗಳನ್ನು ಜೋಡಿಸಿಟ್ಟು, ಒಂದು ಗಳಿಗೆ ಮಗಳ ಪಕ್ಕ ಹೋಗಿ ಕೂತಿದ್ದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಬರೀ ಜಗಳವಾಗಿ ಉಳಿಯುತ್ತದೆ.

ಪೋಸ್ಟರಿನಲ್ಲಿರುವುದು ಇವಳಲ್ಲ ಅಕ್ಕ. ಅವನು.

ನಾನು ಅವನನ್ನು ನೋಡಿದ್ದು ಒಂದೇ ಸಲ. ಎರಡನೆಯ ದಿನ ನರ್ಸ್ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದಳು. ಟೋಪಿ ಸ್ವಲ್ಪ ಮೇಲೆ ಸರಿದಿತ್ತು. ಎಡಗಿವಿಯ ಮೇಲಂಚು ಒಳಕ್ಕೆ ಮಡಚಿಕೊಂಡಿತ್ತು, ನಮ್ಮ ಅಪ್ಪನ ಕಿವಿಯ ಹಾಗೆಯೇ. ಅಪ್ಪನ ಕಿವಿ ಬಂದಿದೆ ಎಂದು ನಿನಗೆ ಹೇಳಬೇಕು ಎಂದುಕೊಂಡೆ. ಹೇಳುವಷ್ಟರಲ್ಲಿ ಅವನು ಇರಲಿಲ್ಲ, ಆಮೇಲೆ ಯಾರಿಗೆ ಹೇಳಲಿ. ಪೋಸ್ಟರಿನಲ್ಲಿ ಆ ಕಿವಿ ಇದೆ. ದೊಡ್ಡದು ಮಾಡಿ ಮಾಡಿ ನೋಡಿದೆ. ಈಗ ದೀಪ ಹಿಡಿದು ಮಗಳ ಎರಡೂ ಕಿವಿಗಳನ್ನೂ ನೋಡಿ ಬಂದೆ. ಎರಡೂ ಇವರ ಕಿವಿಗಳು, ಎಲ್ಲೂ ಮಡಿಕೆಯಿಲ್ಲ.

ನೀನು ಬೇಕೆಂದು ಮಾಡಿಲ್ಲ. ಪಕ್ಕಪಕ್ಕದ ಪೆಟ್ಟಿಗೆ, ಒಂದೇ ಥರದ ಟೋಪಿ, ಒಂದೇ ಥರದ ನಳಿಕೆ. ನೀನು ಇವಳೆಂದುಕೊಂಡು ಅವನ ಫೋಟೋ ತೆಗೆದೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಕೇಳಿದ್ದಕ್ಕೆ "ಅವನದ್ದು ಒಂದೂ ಇಲ್ಲ ಕಣೇ, ತೆಗೆಯೋಕೆ ಕೈ ಬರಲಿಲ್ಲ" ಎಂದೆ. ಅದು ಸುಳ್ಳಲ್ಲ ಎಂದು ಈಗ ಗೊತ್ತಾಯಿತು. ಇಷ್ಟು ತಿಂಗಳು ಅವನು ನಿನ್ನ ಫೋನಿನಲ್ಲಿದ್ದ, ನಿನಗೂ ಗೊತ್ತಿರಲಿಲ್ಲ. ಅವನ ಮುಖದ ಕೆಳಗೆ ‘ಈ ಉಸಿರು ಉಳಿದದ್ದು’ ಎಂದು ಬರೆದಿದೆ. ಅದರಲ್ಲಿ ಅಕ್ಷರದ ತಪ್ಪು ಇದೆಯೇ ಎಂದು ನೋಡಲು ನನಗೇ ಕಳಿಸಿದಿರಿ.

ನನ್ನ ಹತ್ತಿರ ಅವನದ್ದು ಏನೂ ಇಲ್ಲ. ಅವನ ಮುಖವನ್ನು ನಾನು ಮೊದಲ ಸಲ ನಿಧಾನವಾಗಿ ನೋಡಿದ್ದು ನಿನ್ನ ಚುನಾವಣೆಯ ಪೋಸ್ಟರಿನಲ್ಲಿ. ಯಾರೋ ಅವನ ಕಣ್ಣಿಗೆ ಅಂಟು ಬಳಿದು ಇನ್ನೊಬ್ಬನ ಮುಖ ಹಚ್ಚುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಲಾರೆ. ಇವರಿಗೆ ಇನ್ನೂ ಹೇಳಿಲ್ಲ. ಪಾಳಿ ಮುಗಿಸಿ ಬರುವ ದಾರಿಯಲ್ಲಿ, ಆಸ್ಪತ್ರೆಯ ಗೇಟಿನಲ್ಲಿ ಇವರು ಅದನ್ನು ನೋಡಬಾರದು.

ಪೋಸ್ಟರಿಗೆ ಕತ್ತರಿಸಿದ್ದಲ್ಲ, ನೀನು ತೆಗೆದ ಪೂರ್ತಿ ಫೋಟೋ ನನಗೆ ಬೇಕು. ಪೋಸ್ಟರಿನಲ್ಲಿ ನಿನ್ನ ಹೆಸರಿನ ಪಟ್ಟಿ ಅವನ ಕೈಗಳ ಮೇಲೆ ಬಂದಿದೆ. ನಾನು ಅವನ ಕೈ ನೋಡಿಲ್ಲ.

ನಿನ್ನ ಹುಡುಗರು ಐದಕ್ಕೆ ಹೊರಡುತ್ತಾರೆ. ಅವರನ್ನು ನಿಲ್ಲಿಸು, ನಿಲ್ಲಿಸಿ ನನಗೆ ಫೋನ್ ಮಾಡು. ಬೈಯಬೇಕೆನಿಸಿದರೆ ಬೈಯಿ, ಅಳಬೇಕೆನಿಸಿದರೆ ಅಳು, ಈ ಸಲ ನಡುವೆ ಇಡುವುದಿಲ್ಲ. ಫೋನನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೇನೆ. ಬೆಳಗಾಗುವ ಮೊದಲು ಮಾಡು ಅಕ್ಕ, ದಮ್ಮಯ್ಯ.