ಹಿಮದ ನೀರಿಗೆ ಬೆರಳಿನ ಶೂ

ಮೀನಿನ ಗೋದಾಮು, ಹಿಂದಿನ ಕೋಣೆ
ಭಾನುವಾರ ಬೆಳಗ್ಗೆ

ಪ್ರೀತಿಯ ಚಿಕ್ಕಬಾತುವೇ,

ಹೇಗಿದ್ದೀಯೇ? ಹೋದ ಸಲ ಲಾರಿ ಅಣ್ಣನ ಕೈಲಿ ಕಳಿಸಿದ್ದ ಪತ್ರದಲ್ಲಿ ನೀನು ಕೆಮ್ಮು ಎಂದಿದ್ದೆ, ಕಡಿಮೆಯಾಯಿತೇ? ಎಡಗಾಲಿನ ಆ ಗಾಯದ ಗುರುತು ಚಳಿಗೆ ಇನ್ನೂ ಸೆಳೆಯುತ್ತದೆಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಅಥವಾ ನೀರು ಕಂಡರೆ ಹೊಟ್ಟೆ ಮರೆಯುವ ನಿನ್ನ ಹಳೇ ಚಾಳಿ ಹಾಗೇ ಇದೆಯೋ? ಇಲ್ಲಿ ನಾವು ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನನ್ನ ಬಲಗೈ ಊದಿಕೊಂಡಿದೆ, ಅದಕ್ಕೇ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ. ಗಾಬರಿಯಾಗಬೇಡ. ಯಾಕೆ ಊದಿತು ಎಂಬುದನ್ನು ಹೇಳುವುದಕ್ಕೇ ಕೂತಿದ್ದೇನೆ, ಆದರೆ ಮೊದಲು ನಿನ್ನ ಶೂ ವಿಷಯ.

ಹಿಮ ಕರಗಿದ ನೀರಲ್ಲಿ ದಿನವಿಡೀ ರಬ್ಬರ್ ದೋಣಿ ನಡೆಸುವವಳಿಗೆ ಬಟ್ಟೆಯ ಶೂ ಸಾಲದು, ತೆಳು ಅಟ್ಟೆಯ ಬೆರಳಿನ ಶೂ ಕಳಿಸು, ಕಾಲಿಗೆ ಕಲ್ಲು ಗೊತ್ತಾಗಬೇಕು, ಚಳಿ ಗೊತ್ತಾಗಬಾರದು ಎಂದು ನೀನು ಬರೆದಿದ್ದೆ. ಅತ್ತೆಗೆ ಸೊಸೆ ಬೇಕು, ಬಾಯಿ ಬೇಡ ಎನ್ನುವ ಹಾಗಾಯಿತು ಇದು. ಆದರೂ ಹೋದೆ. ಅಂಗಡಿಯಲ್ಲಿ ಇಡೀ ಗೋಡೆಗೆ ಅವನ್ನೇ ನೇತುಹಾಕಿದ್ದಾರೆ, ಕಪ್ಪೆಗಳನ್ನು ಒಣಗಿಸಲು ಹಾಕಿದಂತೆ ಕಾಣುತ್ತದೆ. ನಿನ್ನ ಅಳತೆ ಕೇಳಿದರು. ನಾನೇ ಅಳತೆ ಎಂದು ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದೆ. ಎರಡನೆಯ, ಮೂರನೆಯ ಬೆರಳು ಅಂಟಿಕೊಂಡ ನಮ್ಮ ಬಾತುಗಾಲು ಕಂಡು ಕನ್ನಡಕ ಹಾಕಿದ್ದ ಅಂಗಡಿಯವನ ಮುಖ ಹುಳ್ಳಗಾಯಿತು. ಐದು ಬೆರಳಿಗೆ ಐದು ಗೂಡಿರುವ ಶೂ ನಮ್ಮಂಥವರಿಗಾಗಿ ಹುಟ್ಟಿದ್ದಲ್ಲ ಕಣೇ. ಅಪ್ಪ ನಮ್ಮಿಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡಬಾತು, ಚಿಕ್ಕಬಾತು ಎಂದು ಹೆಸರಿಟ್ಟಾಗ, ಮುಂದೆ ಇಂಥ ತೊಂದರೆ ಬರುತ್ತದೆಂದು ಅವರಿಗಾದರೂ ಹೇಗೆ ಗೊತ್ತಿರಬೇಕು!

ಅಂಗಡಿಯವನು ಕೆಟ್ಟವನಲ್ಲ. ಆ ಎರಡು ಗೂಡುಗಳ ನಡುವಿನ ಗೋಡೆ ಬಿಚ್ಚಿ ಒಂದೇ ಮಾಡಿ ಹೊಲಿಸಿಕೊಡುತ್ತೇನೆ ಎಂದ. ಕತ್ತರಿ ತೆಗೆದ. ಕತ್ತರಿ ಕಂಡದ್ದೇ ನನ್ನ ಮೈ ಉರಿದುಹೋಯಿತು. ಕುಡಿದು ಬಂದ ನಿನ್ನ ಗಂಡ 'ಮನುಷ್ಯರ ಕಾಲು ಮಾಡ್ತೀನಿ ಇರು' ಎಂದು ನಿನ್ನ ಮಂಡಿಯ ಮೇಲೆ ಕೂತು ಆ ಬೆರಳುಗಳ ನಡುವಿನ ಚರ್ಮವನ್ನು ಕತ್ತರಿಯಿಂದ ಕೊಯ್ದನಲ್ಲ, ನೀನು ರಕ್ತದ ಕಾಲಲ್ಲಿ ಬೀದಿಗುಂಟ ಓಡಿ ಬಂದು ನನ್ನ ಬಾಗಿಲು ಬಡಿದೆಯಲ್ಲ, ಅದೆಲ್ಲ ಕಣ್ಣ ಮುಂದೆ ಬಂತು. ನನಗೆ ಆ ಬಡಿತ ಈಗಲೂ ಕೇಳಿಸುತ್ತದೆ. ಆ ಗುರುತಿನ ಮೇಲೆ ಹೊಲಿಗೆ ಉಜ್ಜಿದರೆ ನಿನಗೆ ಹೇಗಾದೀತು ಎಂದು ಇನ್ನೊಂದು ಥರದ್ದೂ ಕೇಳಿದೆ. ಅದರಲ್ಲಿ ಹೆಬ್ಬೆರಳು ಮಾತ್ರ ಬೇರೆ, ಉಳಿದ ನಾಲ್ಕೂ ಒಂದೇ ಗೂಡಿನಲ್ಲಿ ಕೂಡುಕುಟುಂಬದಂತೆ ಇರುತ್ತವೆ. ನೀರಿನಲ್ಲಿ ಮುಳುಗು ಹಾಕುವವರು ತೊಡುವ ಉಡುಪಿನ ಸ್ಪಂಜಿನಂಥ ರಬ್ಬರಿನದು, ದಪ್ಪ.

ಇಲ್ಲಿಯೇ ನಾನು ಕೆಟ್ಟೆ. ಶೂ ಆರಿಸಬೇಕಾದರೆ ನೀರಿನ ಜಾತಕ ಹೇಳಬೇಕಂತೆ. ಎಷ್ಟು ಚಳಿ, ಕೆಳಗೆ ಕೆಸರೋ ಕಲ್ಲೋ, ನಿಂತ ನೀರೋ ಹರಿಯುವುದೋ, ಕೂತು ಹುಟ್ಟು ಹಾಕುವುದೋ ಇಳಿದು ದೋಣಿ ಎಳೆಯುವುದೋ ಎಂದು ಕೇಳಿದ. ನಿನ್ನ ವಿಷಯ ಯಾರಾದರೂ ಕೇಳಿದರೆ ನನ್ನ ಎದೆ ಉಬ್ಬುತ್ತದೆ, ನಾಲಿಗೆಗಂತೂ ಮೂಳೆಯಿಲ್ಲ. ಹಿಮದ ನೀರು, ದುಂಡು ಕಲ್ಲು, ಎರಡು ಕಡೆ ಕಡಿದಾದ ಬಂಡೆ, ದೋಣಿ ತುಂಬ ಜನರನ್ನು ನನ್ನ ತಂಗಿ ಒಬ್ಬಳೇ ಇಳಿಸುತ್ತಾಳೆ ಎಂದು ಕೊಚ್ಚಿಕೊಂಡೆ. ಹಿಂದೆ ರಟ್ಟಿನ ಪೆಟ್ಟಿಗೆಗಳನ್ನು ಯಾರೋ ಇಳಿಸುತ್ತಿದ್ದರು. ಆ ಅಂಗಡಿಗೆ ಮಾಲು ತರುವ ವ್ಯಾನು ನಿನ್ನನ್ನು ಹುಡುಕುತ್ತಿರುವ ನಿನ್ನ ಗಂಡನೇ ಓಡಿಸುತ್ತಾನೆಂದು ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಗಳ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾನೆ.

ಎರಡು ಥರವನ್ನೂ ತಂದು ಮಾರನೇ ದಿನ ಗೋದಾಮಿನಲ್ಲಿ ಪರೀಕ್ಷೆ ಮಾಡಿದೆ. ಎಡಗಾಲಿಗೆ ಹೊಲಿಸಿದ ಬೆರಳಿನ ಶೂ, ಬಲಗಾಲಿಗೆ ಹೆಬ್ಬೆರಳಿನ ರಬ್ಬರ್ ಶೂ. ಮೀನು ತೊಳೆಯುವ ತೊಟ್ಟಿಗೆ ಐಸು ಸುರಿದು, ಕಣಕಾಲು ಮುಳುಗುವಷ್ಟು ನೀರಲ್ಲಿ ನಿಂತುಕೊಂಡು ಮೀನು ಸೀಳುತ್ತಿದ್ದೆ. ಉಳಿದವರು ಮುಂಬಾಗಿಲಲ್ಲಿ ಲಾರಿ ಇಳಿಸುತ್ತಿದ್ದರು. ಹಿಂಬಾಗಿಲಿನಿಂದ ಆ ಮಹಾನುಭಾವ ಬಂದ. ಮಿರಮಿರ ಮಿಂಚುವ ಚರ್ಮದ ಬೂಟು ಹಾಕಿದ್ದ. 'ಹಿಮದ ನೀರಲ್ಲಿ ಜನರನ್ನ ದೋಣೀಲಿ ಇಳಿಸೋದು ಎರಡೇ ಹೊಳೇಲಿ. ಯಾವುದು ಅಂತ ಹೇಳು, ಹೋಗ್ತೀನಿ' ಎಂದ. ಮೀನು ಬೇಕಾದರೆ ತಗೊಂಡು ಹೋಗು ಎಂದೆ. ಜಡೆ ಹಿಡಿದು ತಲೆಯನ್ನು ತೊಟ್ಟಿಗೆ ಅದ್ದಿದ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅಮ್ಮ ಹೇಳುತ್ತಾಳಲ್ಲ, ಬಾಯಿ ತುಂಬ ಮೀನಿನ ರಕ್ತದ ನೀರು ಇರುವಾಗ ಯಾವ ಮಾತು ಬಲ್ಲೆ ನಾನು? ಕೈಗೆ ಸಿಕ್ಕ ಅವನ ಹೆಬ್ಬೆರಳು ಕಚ್ಚಿದೆ, ಹಲ್ಲು ಮೂಳೆಗೆ ತಾಗುವವರೆಗೆ. ಕೂಗಿಕೊಂಡು ಬಿಟ್ಟ. ಮೇಲೆದ್ದು ತೊಟ್ಟಿಯಿಂದ ಹೊರಗೆ ಕಾಲಿಟ್ಟು ಅವನ ಮುಖದ ಮೇಲೆ ಗುದ್ದಿದೆ, ಮೂಗು ಲಟ್ಟೆಂದಿತು, ನನ್ನ ಕೈ ಊದಿದ್ದು ಆಗಲೇ. ಅವನು ಬಗ್ಗಿ ನನ್ನ ಎಡಗಾಲು ಹಿಡಿದು ಎಳೆದ. ಹೊಲಿಸಿದ ಶೂ ಚರ್ರೆಂದು ಹರಿದು ಅವನ ಕೈಗೇ ಹೋಯಿತು. ಬಲಗಾಲು ಮಾತ್ರ ಆ ಲೋಳೆ ನೆಲವನ್ನು ಹೆಬ್ಬೆರಳಿನಲ್ಲಿ ಕಚ್ಚಿ ಹಿಡಿಯಿತು ನೋಡು, ಅಲ್ಲಾಡಲಿಲ್ಲ. ಅದರ ಮೇಲೆ ನಿಂತೇ ಒದ್ದೆ. ಬೂಟಿನವನು ಮೀನಿನ ಪೊರೆಯ ಮೇಲೆ ಜಾರಿ ಅಂಗಾತ ಬಿದ್ದ. ಐಸುಗಡ್ಡೆ ಎಳೆಯುವ ಕಬ್ಬಿಣದ ಕೊಕ್ಕೆ ಗೋಡೆಗೆ ಒರಗಿತ್ತು, ತೆಗೆದುಕೊಂಡೆ. ಮೊದಲ ಏಟು ಮೊಣಕಾಲಿಗೆ ಬಿತ್ತು. ಒಣ ಸೌದೆ ಮುರಿದ ಸದ್ದು.

ಬಿದ್ದವರಿಗೆ ಹೊಡೆಯಬಾರದು ಎನ್ನುತ್ತಾರೆ. ನಾನು ಹೊಡೆದೆ. 'ಸಾಕು ಅಕ್ಕಾ, ಸಾಕು' ಎನ್ನುತ್ತಿದ್ದ. ಕತ್ತರಿ ಹಿಡಿದಾಗ ನೀನೂ ಸಾಕು ಎಂದಿರಬೇಕಲ್ಲ ಎಂದುಕೊಂಡು ಇನ್ನೊಂದು ಕಾಲಿಗೂ ಹೊಡೆದೆ, ಕಣಕಾಲಿಗೂ ಹೊಡೆದೆ. ಮುಂಬಾಗಿಲಲ್ಲಿದ್ದವರು ಓಡಿ ಬಂದು ನನ್ನನ್ನು ಹಿಡಿಯುವಷ್ಟರಲ್ಲಿ ಅವನಿಗೆ ಎಚ್ಚರ ತಪ್ಪಿತ್ತು. ನಿನಗೆ ಸುಳ್ಳು ಹೇಳುವುದಿಲ್ಲ, ಸಂತೋಷವಾಯಿತು. ಆಮೇಲೆ ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಅವನು ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೇನೂ ಆಗಿಲ್ಲ, ಕಾಲಿಗೆ ರಾಡು ಹಾಕುತ್ತಾರಂತೆ.

ಹೀಗಾಗಿ ನಿನಗೆ ಹೆಬ್ಬೆರಳಿನ ರಬ್ಬರ್ ಶೂವನ್ನೇ ಕಳಿಸಿದ್ದೇನೆ, ಹೊಸ ಜೊತೆ, ಬದಲಾಯಿಸಿಕೊಂಡು ತಂದದ್ದು. ಅಂಗಡಿಯವನು ನನ್ನ ಊದಿದ ಕೈ ನೋಡಿ ತಾನೇ ಕಟ್ಟಿ ಕೊಟ್ಟ. ಒಂದು ಅಳತೆ ದೊಡ್ಡದಿದೆ, ಒಳಗೆ ಉಣ್ಣೆಯ ಕಾಲುಚೀಲ ಹಾಕಿಕೊಂಡರೆ ಸರಿಯಾಗುತ್ತದೆ. ಮೊದಲು ಒಳಗೆ ನುಗ್ಗುವ ನೀರು ಜೀವ ಹೋಗುವಷ್ಟು ತಣ್ಣಗಿರುತ್ತದೆ, ಸ್ವಲ್ಪ ಹೊತ್ತು ಸಹಿಸು, ನಿನ್ನ ಮೈಬಿಸಿಗೆ ಅದೇ ಬೆಚ್ಚಗಾಗುತ್ತದೆ. ಕಣಕಾಲಿನ ಪಟ್ಟಿಯನ್ನು ಬಿಗಿಯಾಗಿ ಎಳೆ, ಹೊಳೆಗೆ ದಾನ ಮಾಡಬೇಡ. ಬೆಂಕಿಯ ಹತ್ತಿರ ಒಣಗಿಸಬೇಡ, ನೆರಳಲ್ಲಿ ಮಗುಚಿ ಹಾಕು. ಇನ್ನೊಂದು, ನಿಮ್ಮ ದೋಣಿ ಕಂಪನಿಯ ಯಜಮಾನರಿಗೆ ಎಲ್ಲ ಬಿಡಿಸಿ ಹೇಳಿ ಈ ವಾರವೇ ಬೇರೆ ಹೊಳೆಗೆ ಹೋಗು. ಯಾವುದೆಂದು ನನಗೂ ಬರೆಯಬೇಡ. ನಿನ್ನ ನಂಬರನ್ನು ಫೋನಿನಿಂದ ಅಳಿಸಿದ್ದೇನೆ. ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ, ಕಾಲು ಬೆಚ್ಚಗಿರಲಿ. ದೋಣಿಯಲ್ಲಿ ಕೂತವರೆಲ್ಲ ದಡ ಸೇರಲಿ. ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನ
ದೊಡ್ಡಬಾತು

ಮತ್ತೆ: ಲಾರಿ ಅಣ್ಣ ಹಾರ್ನು ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಗಂಡನ ಕಡೆಯವರು ಕೊಲೆ ಯತ್ನ ಎಂದು ದೂರು ಕೊಟ್ಟಿದ್ದಾರೆ. ಬಿದ್ದ ಮೇಲೆ ಹೊಡೆದದ್ದನ್ನು ಎಲ್ಲರೂ ನೋಡಿದ್ದಾರೆ, ನಾನೂ ಇಲ್ಲವೆನ್ನುವುದಿಲ್ಲ. ಪೊಲೀಸರು ಬರುವ ಮೊದಲು ನಾನೇ ಠಾಣೆಗೆ ಹೋಗುತ್ತಿದ್ದೇನೆ. ಆಸ್ಪತ್ರೆಯಿಂದ ಅವನು ಹೇಳಿ ಕಳಿಸಿದ್ದಾನೆ, ನೀನು ಮನೆಗೆ ಬಂದು ಅವನ ಹತ್ತಿರ ಒಂದು ಮಾತು ಆಡಿದರೆ ದೂರು ವಾಪಸಂತೆ. ಅಮ್ಮನೂ 'ಒಂದ್ಸಲ ಬಂದು ಹೋಗ್ಲಿ, ಏನಾಗತ್ತೆ, ನಿನ್ನ ಜೈಲು ತಪ್ಪತ್ತೆ' ಎಂದು ಅಳುತ್ತಿದ್ದಾಳೆ, ನಿನಗೂ ಹೇಳಿ ಕಳಿಸುತ್ತಾಳೆ. ಕೇಳಬೇಡ. ನಾನು ಒಳಗೆ ಹೋದರೆ ಎಂದಾದರೊಂದು ದಿನ ಹೊರಗೆ ಬಿಡುತ್ತಾರೆ ಕಣೇ, ಆ ಮನೆಯವರು ನಿನ್ನನ್ನು ಬಿಡುವುದಿಲ್ಲ. ನನಗೋಸ್ಕರ ಬರಬೇಡ. ಅತ್ತುಕೋ, ಬೇಕಾದರೆ ನನ್ನನ್ನು ಬೈದುಕೋ, ಬರಬೇಡ.